ಕುಂಕುಮ ಕಪ್ಪಾದದ್ದು ಹೇಗೆ?

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರುಗಳ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಯೇ ಮನೆತನದ ವಂಶಾವಳಿ. ಮೇಲಿನ ಸಾಲಿನಲ್ಲಿ ಅಜ್ಜ-ಅಜ್ಜಿಯರ ಕಪ್ಪುಬಿಳುಪು ಚಿತ್ರ, ಅದರ ಕೆಳಗೆ ಅಪ್ಪ-ಅಮ್ಮನ ಮದುವೆಯ ಬಣ್ಣದ ಫೋಟೊ, ಇನ್ನೂ ಕೆಳಗೆ ಮೊಮ್ಮಕ್ಕಳ ನಾಮಕರಣದ ದೊಡ್ಡ ಚಿತ್ರ. ಇಂಥ ಗೋಡೆಯನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಎರಡು ವಿಚಿತ್ರಗಳು ಕಾಣುತ್ತವೆ. ಅಜ್ಜಿಯ ಹಣೆಯ ಕುಂಕುಮ ಅನೇಕ ಚಿತ್ರಗಳಲ್ಲಿ ಕಾಡಿಗೆಯಷ್ಟು ಕಪ್ಪು. ಇನ್ನೊಂದು, ಅಜ್ಜಿಯ ಹಳೆಯ ಚಿತ್ರ ಇನ್ನೂ ಗಟ್ಟಿಯಾಗಿ ಉಳಿದಿದ್ದರೆ, ಅದಕ್ಕಿಂತ ಎಷ್ಟೋ ವರ್ಷ ಈಚಿನ ಮದುವೆಯ ಬಣ್ಣದ ಫೋಟೊ ಬಣ್ಣಗೆಟ್ಟು ಮಾಸಿರುತ್ತದೆ.

ಹೊಸದು ಬಂದಾಗ ಹಳೆಯದು ಹಿಂದೆ ಸರಿಯುವುದು ಲೋಕರೂಢಿ. ಬಣ್ಣ ಬಂದ ಮೇಲೆ ಕಪ್ಪುಬಿಳುಪು ಮಾಯವಾಗಬೇಕಿತ್ತು. ಹಾಗಾಗಲಿಲ್ಲ. ಇಂದು ಪ್ರತಿ ಮೊಬೈಲಿನಲ್ಲೂ ಬಣ್ಣವನ್ನು ತೆಗೆದುಹಾಕುವ ಗುಂಡಿಯೊಂದಿದೆ. ಮದುವೆಯ ಆಲ್ಬಮ್ಮುಗಳಲ್ಲಿ ಒಂದೆರಡು ಪುಟವಾದರೂ ಕಪ್ಪುಬಿಳುಪಿನಲ್ಲಿರುತ್ತವೆ. ಹಿಂದೆ ಜೇಬು ತೀರ್ಮಾನಿಸುತ್ತಿದ್ದುದನ್ನು ಈಗ ಮನಸ್ಸು ತೀರ್ಮಾನಿಸಬೇಕಾಗಿದೆ. ಯಾವುದನ್ನು ಯಾವಾಗ ಆರಿಸಬೇಕು? ಉತ್ತರ ಸಿಗಬೇಕಾದರೆ ಮೊದಲು ಆ ಕುಂಕುಮದ ಕಥೆ ತಿಳಿಯಬೇಕು.

ಕೆಂಪು ಕಾಣದ ಫಿಲ್ಮು

ಫೋಟೊ ಫಿಲ್ಮಿನ ಜೀವಾಳ ಬೆಳ್ಳಿ. ಬೆಳ್ಳಿಯ ಲವಣದ ಹರಳುಗಳನ್ನು ಜೆಲಟಿನ್ನಿನಲ್ಲಿ ಕಲಸಿ ಗಾಜಿನ ಮೇಲೋ ಫಿಲ್ಮಿನ ಮೇಲೋ ಲೇಪಿಸುತ್ತಾರೆ. ಬೆಳಕು ಬಿದ್ದ ಹರಳು ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಕಪ್ಪು ಬೆಳ್ಳಿಯ ಕಣವಾಗುತ್ತದೆ. ಬೆಳಕು ಬೀಳದ ಹರಳನ್ನು ಹೈಪೊ ದ್ರಾವಣ ಕರಗಿಸಿ ತೊಳೆಯುತ್ತದೆ. ಹೀಗೆ ಬೆಳಕಿದ್ದಲ್ಲಿ ಕಪ್ಪು, ಕತ್ತಲಿದ್ದಲ್ಲಿ ಪಾರದರ್ಶಕ ಎಂಬ ತಿರುವುಮುರುವಿನ ನೆಗೆಟಿವ್ ಸಿದ್ಧವಾಗುತ್ತದೆ. ಅದರಿಂದ ಕಾಗದದ ಮೇಲೆ ಅಚ್ಚು ತೆಗೆದಾಗ ಚಿತ್ರ ಮತ್ತೆ ನೆಟ್ಟಗಾಗುತ್ತದೆ.

ಆದರೆ ಬೆಳ್ಳಿಯ ಲವಣಕ್ಕೆ ಒಂದು ದೌರ್ಬಲ್ಯವಿದೆ. ಅದು ತಾನಾಗಿ ಸ್ಪಂದಿಸುವುದು ನೀಲಿ, ನೇರಳೆ ಬೆಳಕಿಗೆ ಮಾತ್ರ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ, ಲೇಪಕ್ಕೆ ಕೆಲವು ಬಣ್ಣದ ಪದಾರ್ಥಗಳನ್ನು ಸೇರಿಸಿದರೆ ಅದು ಹಸಿರಿಗೂ ಸ್ಪಂದಿಸುವುದೆಂದು ಕಂಡುಹಿಡಿದ. ಹೀಗೆ ಬಂದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೂ ಕೆಂಪು ಕಾಣುತ್ತಿರಲಿಲ್ಲ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ವ್ಯಾಪಕವಾಗಿ ಬಳಕೆಗೆ ಬಂದದ್ದು 20ನೇ ಶತಮಾನ ಕಾಲಿಟ್ಟ ಮೇಲೆ.

ಕುಂಕುಮ ಕಪ್ಪಾದ ಗುಟ್ಟು ಇದೇ. ಕೆಂಪು ಬೆಳಕು ಫಿಲ್ಮಿನ ಪಾಲಿಗೆ ಕತ್ತಲೆ. ಹಣೆಯ ಆ ಜಾಗ ನೆಗೆಟಿವ್‌ನಲ್ಲಿ ಖಾಲಿ ಉಳಿದು, ಕಾಗದದ ಮೇಲೆ ಕಪ್ಪಾಗಿ ಮೂಡಿತು. ಕೆಂಪು ಧಾರೆ ಸೀರೆಯೂ ಹಾಗೆಯೇ ಕಪ್ಪು ಸೀರೆಯಾಯಿತು. ತಿಳಿನೀಲಿ ಆಕಾಶ ಬರೀ ಬಿಳಿಯಾಯಿತು. ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಸುತ್ತಿದ್ದುದಕ್ಕೂ ಕಾರಣ ಇದೇ: ಅಚ್ಚು ಹಾಕುವ ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಕೆಲಸ ಮಾಡುವ ಮನುಷ್ಯನಿಗೆ ಕಾಣುತ್ತದೆ.

ಅಂದರೆ ಕಪ್ಪುಬಿಳುಪು ಚಿತ್ರ ಬಣ್ಣ ಕಳೆದುಳಿದ ಸತ್ಯವಲ್ಲ. ಅದೊಂದು ಭಾಷಾಂತರ. ಲೋಕದ ಸಾವಿರ ಬಣ್ಣಗಳನ್ನು ಬೂದಿಯ ಬೇರೆ ಬೇರೆ ಛಾಯೆಗಳಿಗೆ ಅನುವಾದಿಸುವ ಕೆಲಸ. ಅನುವಾದಕನ ಗುಣದೋಷಗಳೆಲ್ಲ ಅದರಲ್ಲಿ ಸೇರಿರುತ್ತವೆ.

ಗೊಂಬೆಯ ಪರೀಕ್ಷೆ

ಈ ಮಾತನ್ನು ಪರೀಕ್ಷಿಸಲು ಹೊಂಗನೂರಿನವರು ದೂರ ಹೋಗಬೇಕಿಲ್ಲ. ತಾಲ್ಲೂಕಿನ ಹೆಸರನ್ನು ಲೋಕಕ್ಕೆ ಪರಿಚಯಿಸಿದ ಚನ್ನಪಟ್ಟಣದ ಗೊಂಬೆಗಳೇ ಸಾಕು. ಆಲೆ ಮರದ ತುಂಡನ್ನು ಕಡಸಲು ಯಂತ್ರದಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಕೆಂಪು, ಹಸಿರು, ಹಳದಿ ಬಳೆಗಳಂತೆ ಒಂದರ ಮೇಲೊಂದು ಕೂರುತ್ತವೆ.

ಒಂದು ಕೆಂಪು ಬುಗುರಿ, ಒಂದು ಹಸಿರು ಬುಗುರಿಯನ್ನು ಅಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಬಣ್ಣ ತೆಗೆದು ನೋಡಿ. ಎರಡರ ಬಣ್ಣವೂ ಸಮನಾಗಿ ಗಾಢವಾಗಿದ್ದರೆ ಯಾವುದು ಕೆಂಪು, ಯಾವುದು ಹಸಿರು ಎಂದು ಹೇಳುವುದು ಕಷ್ಟ. ಕಣ್ಣಿಗೆ ಹಗಲು-ರಾತ್ರಿಯಷ್ಟು ಬೇರೆಯಾಗಿದ್ದ ಎರಡು ವಸ್ತುಗಳು ಒಂದೇ ಬೂದಿಯಾಗಿ ಕೂತಿರುತ್ತವೆ. ಹಳೆಯ ಛಾಯಾಗ್ರಾಹಕರು ಇದಕ್ಕೊಂದು ಉಪಾಯ ಮಾಡುತ್ತಿದ್ದರು. ಮಸೂರದ ಮುಂದೆ ಕೆಂಪು ಗಾಜು ಹಿಡಿದರೆ ಕೆಂಪು ಬುಗುರಿ ಬೆಳ್ಳಗಾಗಿ, ಹಸಿರು ಬುಗುರಿ ಕಪ್ಪಾಗುತ್ತದೆ. ಹಸಿರು ಗಾಜು ಹಿಡಿದರೆ ತದ್ವಿರುದ್ಧ. ಹಳದಿ ಗಾಜು ಆಕಾಶವನ್ನು ತುಸು ಕಪ್ಪಾಗಿಸಿ ಮೋಡಗಳನ್ನು ಎತ್ತಿ ತೋರಿಸುತ್ತದೆ. ಇಂದಿನ ಕಂಪ್ಯೂಟರು, ಮೊಬೈಲುಗಳಲ್ಲಿ ಅದೇ ಕೆಲಸವನ್ನು ಒಂದು ಪಟ್ಟಿಯನ್ನು ಅತ್ತಿತ್ತ ಜರುಗಿಸಿ ಮಾಡಬಹುದು.

ಬುಗುರಿಯ ಪರೀಕ್ಷೆಯಿಂದ ಇನ್ನೂ ಒಂದು ಪಾಠವಿದೆ. ಬಣ್ಣದ ಚಿತ್ರದಿಂದ ಕಪ್ಪುಬಿಳುಪಿಗೆ ಹೋಗಲು ದಾರಿಯುಂಟು. ಕಪ್ಪುಬಿಳುಪಿನಿಂದ ಬಣ್ಣಕ್ಕೆ ಮರಳುವ ದಾರಿಯಿಲ್ಲ. ಬೂದಿ ಬುಗುರಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಕೆಂಪಾಗಿತ್ತೋ ಹಸಿರಾಗಿತ್ತೋ ಎಂದು ಅದು ಬಾಯಿಬಿಡುವುದಿಲ್ಲ. ಈ ಏಕಮುಖ ದಾರಿಯ ಮಾತು ಮುಂದೆ ಮತ್ತೆ ಬರುತ್ತದೆ.

ಆಲೂಗಡ್ಡೆಯಿಂದ ಕಲರ್ ಲ್ಯಾಬಿನವರೆಗೆ

ಬಣ್ಣದ ಛಾಯಾಚಿತ್ರದ ಆಸೆ ಛಾಯಾಚಿತ್ರದಷ್ಟೇ ಹಳೆಯದು. 1861ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಬೆಳಕಿನಿಂದ ಮೂಡಿಸಿ ಬಣ್ಣದ ರಿಬ್ಬನ್ನಿನ ಚಿತ್ರವನ್ನು ಲಂಡನ್ನಿನಲ್ಲಿ ತೋರಿಸಿದ. 1907ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಮಾರಾಟಕ್ಕೆ ತಂದ ಬಣ್ಣದ ಫಲಕದಲ್ಲಿ ಇದ್ದದ್ದು ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಸಣ್ಣ ಸಣ್ಣ ಕಣಗಳು! 1935ರಲ್ಲಿ ಕೊಡಾಕ್ರೋಮ್, ಮರುವರ್ಷ ಆಗ್ಫಾ ಕಂಪನಿಯ ಫಿಲ್ಮು ಬಂದ ಮೇಲೆ ಬಣ್ಣ ಸಾಮಾನ್ಯರ ಕ್ಯಾಮೆರಾಕ್ಕೂ ಎಟುಕುವಂತಾಯಿತು.

ನಮ್ಮ ಊರುಗಳಿಗೆ ಅದು ಬರಲು ಇನ್ನೂ ದಶಕಗಳು ಬೇಕಾದವು. ಕಾರಣ ಬರೀ ಬೆಲೆಯಲ್ಲ, ಕೆಲಸದ ರೀತಿ. ಕಪ್ಪುಬಿಳುಪು ಫಿಲ್ಮನ್ನು ತಾಲ್ಲೂಕು ಕೇಂದ್ರದ ಸ್ಟುಡಿಯೊದವರು ಹಿತ್ತಿಲ ಕೋಣೆಯಲ್ಲೇ ತೊಳೆಯಬಹುದಿತ್ತು. ಒಂದು ಕೆಂಪು ದೀಪ, ಮೂರು ತಟ್ಟೆ, ಶುದ್ಧ ನೀರು, ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರಾವಣ ಸಾಕು. ಬಣ್ಣದ ನೆಗೆಟಿವ್‌ಗೆ ಸುಮಾರು 38 ಡಿಗ್ರಿಯ ದ್ರಾವಣ ಬೇಕು, ಅದು ಚೂರೂ ಏರುಪೇರಾಗಬಾರದು. ಬಣ್ಣದ ಕಾಗದಕ್ಕೆ ಕೆಂಪು ದೀಪವೂ ಆಗದು. ಹಾಗಾಗಿ ರೋಲನ್ನು ನಗರದ ಲ್ಯಾಬಿಗೆ ಕಳಿಸಿ ದಿನಗಟ್ಟಲೆ ಕಾಯಬೇಕಿತ್ತು. ಈ ನಡುವೆ ಬಣ್ಣದ ಹಂಬಲ ತೀರಿಸಿದವರು ಕುಂಚ ಹಿಡಿದ ಕಲಾವಿದರು. ಕಪ್ಪುಬಿಳುಪು ಚಿತ್ರದ ಮೇಲೆಯೇ ಕೆನ್ನೆಗೆ ಗುಲಾಬಿ, ಸೀರೆಯಂಚಿಗೆ ಚಿನ್ನದ ಬಣ್ಣ, ಹಣೆಗೆ ಕುಂಕುಮ ಇಡುತ್ತಿದ್ದರು. ಕಪ್ಪಾದ ಕುಂಕುಮ ಮತ್ತೆ ಕೆಂಪಾಗುತ್ತಿತ್ತು.

ದೇಶಕ್ಕೆ ಬೇಕಾದ ಫಿಲ್ಮನ್ನು ದೇಶದಲ್ಲೇ ತಯಾರಿಸಲೆಂದು ಕೇಂದ್ರ ಸರ್ಕಾರ 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಶುರುವಾಯಿತು. ಅದರ ಫಿಲ್ಮಿನ ಹೆಸರು ‘ಇಂದು’. ಚಂದ್ರನೆಂಬ ಅರ್ಥದ ಆ ಹೆಸರು ಕಪ್ಪುಬಿಳುಪಿಗೆ ಒಪ್ಪುವಂಥದ್ದೇ. ಬೆಳದಿಂಗಳಲ್ಲಿ ನಮ್ಮ ಕಣ್ಣಿಗೂ ಬಣ್ಣ ಕಾಣುವುದಿಲ್ಲ. ಬಣ್ಣ ಗುರುತಿಸುವ ಕೋಶಗಳಿಗೆ ಹೆಚ್ಚು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣದ ಅರಿವಿಲ್ಲ. ಪ್ರತಿ ರಾತ್ರಿ ಮನುಷ್ಯನೂ ಕಪ್ಪುಬಿಳುಪು ಕ್ಯಾಮೆರಾ ಆಗುತ್ತಾನೆ.

1980ರ ದಶಕದಲ್ಲಿ ನಗರಗಳಲ್ಲಿ ಯಂತ್ರಚಾಲಿತ ಕಲರ್ ಲ್ಯಾಬುಗಳು ಹೆಚ್ಚಿದಂತೆ ಲೆಕ್ಕ ತಿರುಗುಮುರುಗಾಯಿತು. ಬಣ್ಣ ಅಗ್ಗವಾಯಿತು. ಕೈಯಿಂದ ತೊಳೆಯಬೇಕಾದ ಕಪ್ಪುಬಿಳುಪು ದುಬಾರಿಯಾಯಿತು. ಬಡವರ ಚಿತ್ರವೆನಿಸಿದ್ದು ಕಲಾವಿದರ ಆಯ್ಕೆ ಎನಿಸಿಕೊಂಡಿತು.

ಎರಡು ಸಿನಿಮಾ, ಒಂದೇ ದುಃಖ

ಆಯ್ಕೆಯೆಂದರೆ ಏನೆಂದು ತಿಳಿಯಲು ರಾಮನಗರದ ಬಂಡೆಗಳೇ ಒಳ್ಳೆಯ ನಿದರ್ಶನ. 1973ರಲ್ಲಿ ಇಲ್ಲಿ ಚಿತ್ರೀಕರಣ ಆರಂಭಿಸಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಬಣ್ಣದ ಚಿತ್ರ. ಅದರಲ್ಲಿ ಜಯಾ ಬಾದುರಿ ಅಭಿನಯಿಸಿದ ರಾಧಾ ಎಂಬ ವಿಧವೆ ಬಿಳಿ ಸೀರೆಯಲ್ಲಿ ಮೌನವಾಗಿ ಓಡಾಡುತ್ತಾಳೆ. ಅವಳೇ ಹಿಂದೊಮ್ಮೆ ಹೋಳಿಯ ಬಣ್ಣದಲ್ಲಿ ಮಿಂದು ನಕ್ಕವಳೆಂದು ಚಿತ್ರ ತೋರಿಸುತ್ತದೆ. ಊರೆಲ್ಲ ಬಣ್ಣವಾಗಿರುವುದರಿಂದಲೇ ಅವಳ ಬಿಳಿ ಎದೆಗೆ ತಾಕುತ್ತದೆ. ಇದೇ ಕಥೆಯನ್ನು ಕಪ್ಪುಬಿಳುಪಿನಲ್ಲಿ ತೆಗೆದಿದ್ದರೆ ಹೋಳಿಯೂ ಬೂದಿ, ಸೀರೆಯೂ ಅದರ ನೆಂಟ.

ಎರಡು ವರ್ಷಗಳ ನಂತರ, 1977ರಲ್ಲಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂತು. ಅಲ್ಲಿಯೂ ತರುಣ ವಿಧವೆಯೊಬ್ಬಳ ದುರಂತ. ಆ ಹೊತ್ತಿಗೆ ಕನ್ನಡಕ್ಕೆ ಬಣ್ಣ ಹೊಸದೇನಲ್ಲ. ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಬಂದಿತ್ತು. ಆದರೂ ‘ಘಟಶ್ರಾದ್ಧ’ ಕಪ್ಪುಬಿಳುಪಿನಲ್ಲಿದೆ. ಎಸ್. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ಅಗ್ರಹಾರದ ಕತ್ತಲೆ ಕೋಣೆ, ಕಿಟಕಿಯ ಬೆಳಕು, ಹುಡುಗನ ಮುಖ ಇವೇ ಕಥೆ ಹೇಳುತ್ತವೆ. ಅಲ್ಲಿನ ಲೋಕಕ್ಕೇ ಬಣ್ಣವಿಲ್ಲ. ನೋಡುವವನಿಗೆ ಕಣ್ಣು ತಪ್ಪಿಸಲು ಮಲೆನಾಡಿನ ಹಸಿರೂ ಸಿಗುವುದಿಲ್ಲ.

ಎರಡೂ ಸರಿಯೇ. ಒಂದು ಬಣ್ಣದ ಪಕ್ಕದಲ್ಲಿ ಬಣ್ಣವಿಲ್ಲದ್ದನ್ನು ಇಟ್ಟು ಮಾತಾಡಿಸಿತು. ಇನ್ನೊಂದು ಬಣ್ಣವನ್ನೇ ದೂರವಿಟ್ಟು ಬೆಳಕಿನಿಂದ ಮಾತಾಡಿಸಿತು.

ಸ್ಥಿರ ಚಿತ್ರದ ಲೋಕದಲ್ಲೂ ಇದೇ ವಾದವಿತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಶಾಲೆಯ ಮಕ್ಕಳು, ಬೀದಿಯ ಜನ, ದುಡಿಯುವ ಕೈಗಳ ಚಿತ್ರಗಳನ್ನು ಹೆಚ್ಚಾಗಿ ಕಪ್ಪುಬಿಳುಪಿನಲ್ಲಿ ತೆಗೆದು ದೇಶ ವಿದೇಶಗಳಲ್ಲಿ ಹೆಸರಾದರು. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡಿನ ಆನೆ, ಹುಲಿಗಳನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದ ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಅಂದರೆ ಬಿಸಿಲು ಮತ್ತು ನೆರಳು. ಎದುರು ಪಕ್ಷದಲ್ಲಿ ನಿಂತವರು ಜೈಪುರದ ರಘುಬೀರ್ ಸಿಂಗ್ (1942–1999). ಭಾರತ ಬಣ್ಣದಲ್ಲೇ ಯೋಚಿಸುವ ದೇಶ, ಬಣ್ಣ ತೆಗೆದರೆ ಭಾರತವೇ ಉಳಿಯುವುದಿಲ್ಲ ಎಂಬುದು ಅವರ ನಿಲುವು. ವಾದದಲ್ಲಿ ಗೆದ್ದವರಾರೂ ಇಲ್ಲ. ಇಬ್ಬರ ಚಿತ್ರಗಳೂ ಉಳಿದಿವೆ.

ಸುದ್ದಿ ಎಲ್ಲಿದೆ?

ಹಾಗಾದರೆ ಸಾಮಾನ್ಯರು ತೀರ್ಮಾನಿಸುವುದು ಹೇಗೆ? ಕ್ಯಾಮೆರಾ ಎತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಸುದ್ದಿ ಎಲ್ಲಿದೆ, ಬಣ್ಣದಲ್ಲೋ ಬೆಳಕಿನಲ್ಲೋ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೋಡಿ. ಮೈಸೂರು ತಳಿಯ ಮಿಶ್ರ ಗೂಡು ಹಳದಿ, ದ್ವಿತಳಿ ಗೂಡು ಬಿಳಿ. ರೈತನಿಗೂ ರೀಲರಿಗೂ ಅದೇ ಮೊದಲ ಸುದ್ದಿ, ಬೆಲೆಯ ಮಾತು ಅಲ್ಲಿಂದ ಶುರು. ಬಣ್ಣ ತೆಗೆದರೆ ಹಳದಿಯೂ ಬಿಳಿಯೂ ಹೆಚ್ಚು ಕಡಿಮೆ ಒಂದೇ. ಅಲ್ಲಿ ಕಪ್ಪುಬಿಳುಪು ಚಿತ್ರ ಸುಂದರವಾಗಬಹುದು, ಆದರೆ ಸುದ್ದಿ ಸತ್ತಿರುತ್ತದೆ. ಹುಳು ಸಾಕುವ ಮನೆಗೆ ಬನ್ನಿ. ಮಸುಕು ಬೆಳಕಿನಲ್ಲಿ ಗೋಡೆಗೊರಗಿಸಿದ ಚಂದ್ರಂಕಿ, ಅದರ ಬಿದಿರಿನ ಸುರುಳಿ ಸುರುಳಿ ಹೆಣಿಗೆ, ಬಾಗಿ ಹುಳು ಆಯುವ ಹೆಂಗಸಿನ ಮುಖದ ಅರ್ಧಕ್ಕೆ ಬಿದ್ದ ಕಿಟಕಿಯ ಬೆಳಕು. ಅಲ್ಲಿ ಮೂಲೆಯ ನೀಲಿ ಪ್ಲಾಸ್ಟಿಕ್ ಬಕೆಟ್ಟು ಕಣ್ಣನ್ನು ಕಿತ್ತುಕೊಳ್ಳುತ್ತದೆ. ಬಣ್ಣ ತೆಗೆದರೆ ಬಕೆಟ್ಟು ಹಿಂದೆ ಸರಿದು ಮುಖ ಮುಂದೆ ಬರುತ್ತದೆ.

ಯುಗಾದಿಯ ಹೊತ್ತಿನ ಹೊಂಗೆಯ ಚಿಗುರಿಗೆ ಬಣ್ಣವೇ ಬೇಕು. ಆ ಮಿರುಗುವ ಎಳೆಹಸಿರನ್ನು ಬೂದಿ ಹೇಳಲಾರದು. ರಾಮನಗರದ ಬಂಡೆ ಎರಡಕ್ಕೂ ಸಲ್ಲುತ್ತದೆ. ಊರಿನ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ನಸುಗೆಂಪು, ಬೂದು ಬಣ್ಣಗಳು ಭೂವಿಜ್ಞಾನಿಗೆ ಸುದ್ದಿ. ಬಂಡೆ ಹತ್ತುವವನಿಗೆ ಸುದ್ದಿಯಿರುವುದು ಸಂಜೆಯ ಓರೆಬಿಸಿಲು ತೋರಿಸುವ ಬಿರುಕು, ಉಬ್ಬುಗಳಲ್ಲಿ. ಒಂದೇ ಬಂಡೆ, ಇಬ್ಬರಿಗೆ ಎರಡು ಚಿತ್ರ.

ಉಪಾಯವೊಂದಿದೆ. ಕಣ್ಣನ್ನು ಅರ್ಧ ಮುಚ್ಚಿ ದೃಶ್ಯವನ್ನು ನೋಡಬೇಕು. ವಿವರ ಮಸುಕಾಗಿ ಬೆಳಕು-ನೆರಳಿನ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಆ ಆಕಾರಗಳೇ ಗಟ್ಟಿಯಾಗಿದ್ದರೆ ಕಪ್ಪುಬಿಳುಪು ನಿಲ್ಲುತ್ತದೆ. ಎಲ್ಲವೂ ಒಂದೇ ಬೂದಿಯಾಗಿ ಕಲಸಿಹೋದರೆ ಆ ಚಿತ್ರವನ್ನು ಹಿಡಿದು ನಿಲ್ಲಿಸಿದ್ದು ಬಣ್ಣವೆಂದೇ ಅರ್ಥ. ಕೆಟ್ಟ ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಕಲೆಯಾಗುತ್ತದೆಂಬುದು ಭ್ರಮೆ.

ಬೆಳ್ಳಿ ಉಳಿಯಿತು, ಬಣ್ಣ ಹಾರಿತು

ಗೋಡೆಯ ಮೇಲಿನ ಎರಡನೆಯ ವಿಚಿತ್ರಕ್ಕೂ ಉತ್ತರ ರಸಾಯನದಲ್ಲೇ ಇದೆ. ಕಪ್ಪುಬಿಳುಪು ಚಿತ್ರದಲ್ಲಿ ಉಳಿಯುವುದು ಬೆಳ್ಳಿ ಲೋಹ. ಹೈಪೊದಲ್ಲಿ ಚೆನ್ನಾಗಿ ನೆನೆಸಿ, ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಅದು ನೂರು ವರ್ಷವೂ ಬಾಳುತ್ತದೆ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದ್ದರೆ ಮಾತ್ರ ಹಳದಿ ಕಲೆ ಏಳುತ್ತದೆ. ಬಣ್ಣದ ಚಿತ್ರದಲ್ಲಿ ಬೆಳ್ಳಿ ಕೊನೆಗೆ ಉಳಿಯುವುದೇ ಇಲ್ಲ; ಅದನ್ನು ತೆಗೆದುಹಾಕಿ ನೀಲಿಹಸಿರು, ಕಡುಗುಲಾಬಿ, ಹಳದಿ ಎಂಬ ಮೂರು ಪದರಗಳ ಬಣ್ಣವನ್ನಷ್ಟೇ ಉಳಿಸುತ್ತಾರೆ. ಅವು ಸಾವಯವ ಬಣ್ಣಗಳು, ಬಟ್ಟೆಯ ಬಣ್ಣದಂತೆ ಮಾಸುವಂಥವು. ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. 1970, 80ರ ದಶಕದ ಎಷ್ಟೋ ಫೋಟೊಗಳು ಕಬ್ಬಿಣದ ಪೆಟ್ಟಿಗೆಯ ಕತ್ತಲೆಯಲ್ಲಿದ್ದರೂ ಕೆಂಪಡರಲು ಕಾರಣ ಅವುಗಳ ನೀಲಿಹಸಿರು ಪದರ ಮೊದಲು ಸೋತದ್ದು. ಬಿಸಿಲು ತಾಗುವ ಗೋಡೆಯ ಮೇಲಿನವು ಬೇರೆ ರೀತಿಯಲ್ಲಿ ಬಿಳಿಚಿಕೊಂಡವು. ಈಚಿನ ಕಾಗದಗಳು ಇದಕ್ಕಿಂತ ಎಷ್ಟೋ ಮೇಲು.

ಇದು ಬರೀ ರಸಾಯನದ ಮಾತಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮುಖ ಉಳಿದು ಅಮ್ಮನ ಮದುವೆಯ ದಿನ ಅಳಿಯುತ್ತಿದೆ. ಅಂಥ ಫೋಟೊ ಇರುವವರು ಅದನ್ನು ಬೇಗನೆ ಸ್ಕ್ಯಾನ್ ಮಾಡಿಸಿಡುವುದು ಒಳ್ಳೆಯದು. ನೆಗೆಟಿವ್ ಸಿಕ್ಕಿದರೆ ಅದನ್ನಂತೂ ಎಸೆಯಬಾರದು.

ಮರಳಿ ಬಾರದ ದಾರಿ

ಇಂದಿನ ಡಿಜಿಟಲ್ ಕ್ಯಾಮೆರಾದ ಸಂಗತಿ ಇನ್ನೂ ಕುತೂಹಲಕಾರಿ. ಅದರೊಳಗಿನ ಸಂವೇದಕಕ್ಕೆ ಬಣ್ಣ ತಿಳಿಯದು. ಅದರ ಒಂದೊಂದು ಬಿಂದುವೂ ತನ್ನ ಮೇಲೆ ಎಷ್ಟು ಬೆಳಕು ಬಿತ್ತೆಂದು ಮಾತ್ರ ಎಣಿಸುತ್ತದೆ. ಬಿಂದುಗಳ ಮೇಲೆ ಸಣ್ಣ ಬಣ್ಣದ ಗಾಜುಗಳನ್ನು ಕೂರಿಸಿ, ಅರ್ಧ ಭಾಗ ಹಸಿರು, ಕಾಲು ಕೆಂಪು, ಕಾಲು ನೀಲಿ ಎಂದು ಹಂಚಿ, ಉಳಿದದ್ದನ್ನು ಲೆಕ್ಕದಿಂದ ತುಂಬಿಸುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿಧಾನವಿದು. ಮ್ಯಾಕ್ಸ್‌ವೆಲ್ಲನ ಮೂರು ಗಾಜುಗಳು ಈಗ ಅಂಗೈಯ ಮೊಬೈಲಿನಲ್ಲಿ ಲಕ್ಷಗಟ್ಟಲೆಯಾಗಿ ಕೂತಿವೆ.

ಇದರಿಂದ ಒಂದು ಅನುಕೂಲವಾಗಿದೆ. ಮೊದಲೇ ಫಿಲ್ಮು ತುಂಬಿ ತೀರ್ಮಾನಿಸಬೇಕಿಲ್ಲ. ಬಣ್ಣದಲ್ಲಿ ತೆಗೆದು ಆಮೇಲೆ ಯೋಚಿಸಬಹುದು. ಅಪಾಯವೂ ಅಲ್ಲೇ ಇದೆ. ಕಪ್ಪುಬಿಳುಪು ಮಾಡಿ ಮೂಲವನ್ನು ಅಳಿಸಿಬಿಟ್ಟರೆ ಬಣ್ಣ ಹೋದಂತೆಯೇ. ಮಗಳ ಮೊದಲ ಲಂಗದಾವಣಿ ಯಾವ ಬಣ್ಣದ್ದೆಂದು ಮೂವತ್ತು ವರ್ಷದ ಮೇಲೆ ಯಾರೂ ಹೇಳಲಾರರು.

ಈಗ ಇದರ ತದ್ವಿರುದ್ಧವೂ ನಡೆದಿದೆ. ಕಪ್ಪುಬಿಳುಪಿನ ‘ಸತ್ಯ ಹರಿಶ್ಚಂದ್ರ’ (1965) ಬಣ್ಣ ಬಳಿದುಕೊಂಡು 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಮತ್ತೆ ತೆರೆಗೆ ಬಂದವು. ಹೊಸ ತಲೆಮಾರು ಅವನ್ನು ನೋಡಿ ಸಂತೋಷಪಟ್ಟಿತು, ತಪ್ಪೇನಿಲ್ಲ. ಆದರೆ ಆ ಸೀರೆ, ಆ ಗೋಡೆಗಳ ಬಣ್ಣ ಫಿಲ್ಮಿನಿಂದ ಬಂದದ್ದಲ್ಲ. ಈಚಿನವರು ಆರಿಸಿ ಹಚ್ಚಿದ್ದು. ಬುಗುರಿಯ ಪರೀಕ್ಷೆ ನೆನಪಿರಲಿ: ಬೂದಿ ತನ್ನ ಬಣ್ಣ ಹೇಳುವುದಿಲ್ಲ.

ಸಿನಿಮಾ ಕಥೆಯಾದ್ದರಿಂದ ಚಿಂತೆಯಿಲ್ಲ. ಮನೆಯ ಚಿತ್ರದ ವಿಷಯ ಬೇರೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಂದು ಅಜ್ಜಿಯ ಚಿತ್ರಕ್ಕೆ ಕ್ಷಣದಲ್ಲಿ ಬಣ್ಣ ತುಂಬುತ್ತವೆ. ಅವು ಮಾಡುವುದು ಊಹೆ. ಕಪ್ಪಾಗಿ ಕಂಡ ಸೀರೆಗೆ ಕಡುನೀಲಿ ಹಚ್ಚಬಹುದು. ನಿಜದಲ್ಲಿ ಅದು ಕೆಂಪು ಧಾರೆ ಸೀರೆಯಾಗಿರಬಹುದು, ಹಳೆಯ ಫಿಲ್ಮಿಗೆ ಕೆಂಪು ಕಾಣದೆ ಕಪ್ಪಾಗಿರಬಹುದು. ಮೊಮ್ಮಕ್ಕಳು ನೀಲಿಯನ್ನೇ ನಂಬುತ್ತಾರೆ. ಹಿಂದೆ ಕುಂಚದಿಂದ ಬಣ್ಣ ಹಚ್ಚಿದವರ ಕೈಕೆಲಸ ನೋಡಿದೊಡನೆ ಗೊತ್ತಾಗುತ್ತಿತ್ತು. ಹೊಸದು ನಿಜವೆಂಬಂತೆ ಕಾಣುತ್ತದೆ.

ಆದ್ದರಿಂದ ಎಂದಾದರೂ ಬಣ್ಣ ತುಂಬಿಸುವುದಾದರೆ ಮೂಲ ಚಿತ್ರವನ್ನು ಅದರ ಪಕ್ಕದಲ್ಲೇ ಇಡಬೇಕು, ಬಣ್ಣ ಈಚಿನದೆಂದು ಬರೆದಿಡಬೇಕು. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಆ ದಿನವನ್ನು ಕಂಡ ಹಿರಿಯರು ಮನೆಯಲ್ಲಿ ಯಾರಾದರೂ ಇದ್ದರೆ ಸೀರೆಯ ಬಣ್ಣವನ್ನು ಅವರನ್ನೇ ಕೇಳಿ, ಚಿತ್ರದ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಬೇಕು. ಫಿಲ್ಮು ಕಳೆದ ಬಣ್ಣವನ್ನು ಯಂತ್ರ ತರಲಾರದು. ಅದು ಇನ್ನೂ ಉಳಿದಿರುವುದು ಅವರ ನೆನಪಿನಲ್ಲಿ ಮಾತ್ರ.